ಕಟಕಟೆಯ ಕನ್ನಡ: ಸೀತಾರಾಮ್ ಧಾರಾವಾಹಿಗಳ ನ್ಯಾಯಾಲಯ ದೃಶ್ಯವೂ ಥಾಣೆ ಪರಿಸರದ ಪ್ರೇಕ್ಷಕರೂ

ಹೊರನಾಡ ಕನ್ನಡಿಗರ ಸಾಂಸ್ಕೃತಿಕ ಬದುಕನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಸಂಘಸಂಸ್ಥೆಗಳ, ರಂಗಭೂಮಿಯ ಹಾಗೂ ಪತ್ರಿಕೆಗಳ ಚರಿತ್ರೆಯಾಗಿ ಬೆಳೆದು ಬಂದಿವೆ. ಮನೆಯೊಳಗೆ, ರಾತ್ರಿಯ ಊಟದ ಹೊತ್ತಿನಲ್ಲಿ, ಟೆಲಿವಿಷನ್ನಿನ ಎದುರು ದೊರೆಯುವ ಭಾಷಾನುಭವಕ್ಕೆ ಆ ಚರಿತ್ರೆಯಲ್ಲಿ ಸ್ಥಾನ ದೊರೆತಿರುವುದು ವಿರಳ. ದೈನಿಕ ಧಾರಾವಾಹಿಯು ವಿಮರ್ಶೆಗೆ ಯೋಗ್ಯವಾದ ಪ್ರಕಾರವಲ್ಲವೆಂಬ ಪೂರ್ವಗ್ರಹವೇ ಇದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಒಂದೇ ದೃಶ್ಯಮಾದರಿಯನ್ನು ಪರಿಶೀಲನೆಗೆ ಎತ್ತಿಕೊಂಡಿದ್ದೇವೆ. ಅದು ಟಿ. ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಮತ್ತೆ ಮತ್ತೆ ಬರುವ, ನೋಡಿದವರು ವರ್ಷಗಳ ಅನಂತರವೂ ನೆನೆಯುವ ಪಾಟೀಸವಾಲಿನ ದೃಶ್ಯ. ಇದು ಪ್ರೇಕ್ಷಕರ ಮನಸ್ಸನ್ನು ಕಲಕುವುದು ಏಕೆ ಎಂಬುದು ನಮ್ಮ ಪ್ರಶ್ನೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಕುಳಿತು ಈ ಪ್ರಶ್ನೆಯನ್ನು ಕೇಳಿಕೊಂಡರೆ, ಕರ್ನಾಟಕದ ಒಳಗಿನಿಂದ ಸುಲಭವಾಗಿ ಕಾಣದ ಉತ್ತರವೊಂದು ದೊರೆಯುತ್ತದೆಂಬುದು ನಮ್ಮ ಅಭಿಪ್ರಾಯ.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಗಮನಿಸಬಹುದು. ಸೀತಾರಾಮ್ ಅವರು ‘ಆಸ್ಫೋಟ’ದಂಥ ನಾಟಕಗಳಿಂದ ಪರಿಚಿತರಾಗಿ ಕಿರುತೆರೆಗೆ ಬಂದವರು, ವಕೀಲಿ ವೃತ್ತಿಯ ಅನುಭವವೂ ಅವರಿಗುಂಟು. ೧೯೯೮ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ಪಿ. ಶೇಷಾದ್ರಿ ಹಾಗೂ ನಾಗೇಂದ್ರ ಶಾ ಅವರೊಡನೆ ನಿರ್ದೇಶಿಸಿದರು. ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ಗಳು ಅಂದಿನ ಈಟಿವಿ ಕನ್ನಡ ವಾಹಿನಿಯಲ್ಲಿ ಬಂದವು. ‘ಮಗಳು ಜಾನಕಿ’ ೨೦೧೮ರಿಂದ ೨೦೨೦ರವರೆಗೆ ಕಲರ್ಸ್ ಸೂಪರ್ ವಾಹಿನಿಯಲ್ಲಿ ಪ್ರಸಾರವಾಯಿತು. ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಅವರು ನಿರ್ದೇಶಿಸಿದ ‘ಮತದಾನ’ ಚಲನಚಿತ್ರಕ್ಕೆ ಚುನಾವಣೆಯ ರಾಜಕೀಯವೇ ವಸ್ತು. ಅಧಿಕಾರವು ಸಾಮಾನ್ಯ ಕುಟುಂಬವೊಂದರ ಬದುಕಿನೊಳಕ್ಕೆ ಹೇಗೆ ಪ್ರವೇಶಿಸುತ್ತದೆ ಎಂಬ ಕಾಳಜಿ ಈ ಕೃತಿಗಳನ್ನು ಒಂದಾಗಿ ಹೆಣೆಯುತ್ತದೆ. ಮನೆಯ ಕಥೆಯೂ ರಾಜಕಾರಣದ ಕಥೆಯೂ ಸಂಧಿಸುವ ತಾಣ ನ್ಯಾಯಾಲಯ. ಅಲ್ಲಿ ಸಿ.ಎಸ್.ಪಿ. ಎಂಬ ವಕೀಲನ ಪಾತ್ರವನ್ನು ಸೀತಾರಾಮ್ ಅವರೇ ವಹಿಸಿದರು. ಆ ಪಾತ್ರವು ಒಂದು ಧಾರಾವಾಹಿಯನ್ನು ದಾಟಿ ಇನ್ನೊಂದಕ್ಕೆ ನಡೆದುಬಂದಿತು.

ದೃಶ್ಯದ ಮಾದರಿಯನ್ನು ಹೀಗೆ ಸಂಗ್ರಹಿಸಬಹುದು. ಕಟಕಟೆಯಲ್ಲಿ ಸಾಕ್ಷಿ ನಿಂತಿರುತ್ತಾನೆ, ಅಥವಾ ನಿಂತಿರುತ್ತಾಳೆ. ಕಪ್ಪು ಕೋಟಿನ ವಕೀಲ ಅವಸರವಿಲ್ಲದೆ ಎದ್ದು ಬರುತ್ತಾನೆ. ಧ್ವನಿ ಮೆಲ್ಲನೆಯದು, ಪ್ರಶ್ನೆಗಳು ಚಿಕ್ಕವು; ಮೊದಲಿಗೆ ಅವು ಮೊಕದ್ದಮೆಗೆ ಸಂಬಂಧವಿಲ್ಲದವೆಂಬಂತೆಯೇ ಕೇಳುತ್ತವೆ. ಉತ್ತರಗಳು ಒಂದರ ಮೇಲೊಂದು ಸೇರಿದಂತೆ ಸಾಕ್ಷಿಯು ತಾನು ನಡೆದುಬಂದ ದಾರಿಯಲ್ಲೇ ಹಿಂದಿರುಗಲಾರದ ಸ್ಥಿತಿಗೆ ಬರುತ್ತಾನೆ. ಆಗ ನಿರ್ಣಾಯಕವಾದ ಪ್ರಶ್ನೆ ಬರುತ್ತದೆ. ಕ್ಯಾಮೆರಾ ಸಾಕ್ಷಿಯ ಮುಖದ ಮೇಲೆ ನಿಲ್ಲುತ್ತದೆ. ಉತ್ತರಕ್ಕೆ ಮುಂಚಿನ ಆ ಮೌನವೇ ದೃಶ್ಯದ ಶಿಖರ.

ಈ ದೃಶ್ಯದ ಪರಿಣಾಮಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಸತ್ಯದ ಗೆಲುವಿನದು: ದುಷ್ಟನ ಸುಳ್ಳು ಬಯಲಾಗುತ್ತದೆ, ದುರ್ಬಲನಿಗೆ ನ್ಯಾಯ ದೊರೆಯುತ್ತದೆ, ನೋಡುವವರಿಗೆ ಸಮಾಧಾನವಾಗುತ್ತದೆ. ಈ ವಿವರಣೆ ಅಪೂರ್ಣವೆಂದು ನಮಗೆ ತೋರುತ್ತದೆ. ಸತ್ಯದ ಗೆಲುವೇ ಕಾರಣವಾಗಿದ್ದರೆ ತೀರ್ಪಿನ ಗಳಿಗೆಯೇ ಹೆಚ್ಚು ನೆನಪಿನಲ್ಲಿ ಉಳಿಯಬೇಕಿತ್ತು. ಉಳಿದಿರುವುದು ಪ್ರಶ್ನೆಯ ಗಳಿಗೆ. ಡೊಂಬಿವಲಿಯ ಮನೆಯೊಂದರಲ್ಲಿ ಇಂಥ ಕಂತೊಂದನ್ನು ನೋಡಿದ ನೆನಪು ನಮಗಿದೆ. ಕಂತು ಮುಗಿದ ಮೇಲೆ ಮನೆಯ ಹಿರಿಯರು ಯಾರು ಗೆಲ್ಲುತ್ತಾರೆಂಬುದನ್ನು ಚರ್ಚಿಸಲಿಲ್ಲ. ಅಷ್ಟು ಬಡವಳಾದ ಸಾಕ್ಷಿಯನ್ನು ವಕೀಲ ಎಷ್ಟು ಮರ್ಯಾದೆಯಿಂದ ಮಾತನಾಡಿಸಿದ ಎಂಬುದನ್ನೇ ಎರಡು ಮೂರು ಬಾರಿ ಹೇಳಿದರು. ಈ ಮಾತು ನಮ್ಮ ವಿಚಾರಕ್ಕೆ ದಾರಿ ತೋರಿತು.

ಕನ್ನಡದಲ್ಲಿ ಒಬ್ಬರನ್ನು ಮಾತನಾಡಿಸುವುದೆಂದರೆ ಏಕವಚನ ಬಹುವಚನಗಳ ನಡುವೆ ಆಯ್ಕೆ ಮಾಡುವುದೇ ಆಗಿದೆ. ಆಳನ್ನು, ಸಾಲಗಾರನನ್ನು, ಕಚೇರಿಯ ಬಾಗಿಲಲ್ಲಿ ನಿಂತ ಹಳ್ಳಿಯವನನ್ನು ಏಕವಚನದಿಂದ ಕರೆಯುವ ರೂಢಿ ನಮ್ಮಲ್ಲಿ ಹಳೆಯದು. ಸಿ.ಎಸ್.ಪಿ.ಯ ‘ನೀವು’ ಈ ರೂಢಿಯನ್ನು ಸದ್ದಿಲ್ಲದೆ ಮುರಿಯುತ್ತದೆ. ‘ಅಮ್ಮಾ’ ಎಂದು ಆರಂಭಿಸಿ ‘ಹೇಳಿ’ ಎಂದು ಮುಗಿಯುವ ಪ್ರಶ್ನೆಯಲ್ಲಿ ಎದುರಿನ ವ್ಯಕ್ತಿಗೆ ಹೇಳುವುದಕ್ಕೆ ಏನೋ ಇದೆ, ಅದನ್ನು ಕೇಳುವುದಕ್ಕೆ ರಾಜ್ಯವ್ಯವಸ್ಥೆಯೇ ಕಾದು ಕುಳಿತಿದೆ ಎಂಬ ಅಂಗೀಕಾರವಿದೆ. ನ್ಯಾಯಾಧೀಶರು ಕಾಯುತ್ತಾರೆ, ಎದುರು ವಕೀಲರು ಕಾಯುತ್ತಾರೆ, ಕ್ಯಾಮೆರಾ ಕಾಯುತ್ತದೆ. ಬದುಕಿನಲ್ಲಿ ಯಾರೂ ಕಾಯದಿದ್ದ ಮನುಷ್ಯನಿಗಾಗಿ ಇಷ್ಟೊಂದು ಜನ ಕಾಯುವುದನ್ನು ಕಂಡಾಗ ಪ್ರೇಕ್ಷಕರ ಮನಸ್ಸು ತುಂಬಿ ಬರುತ್ತದೆ. ಗೆಲುವು ಅನಂತರದ ಮಾತು.

ಈ ಅನುಭವಕ್ಕೆ ಥಾಣೆ ಪರಿಸರದಲ್ಲಿ ಇನ್ನೊಂದು ಪದರ ಸೇರುತ್ತದೆ. ಇಲ್ಲಿನ ಕನ್ನಡಿಗರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡುವವರು. ಲೋಕಲ್ ರೈಲಿನಲ್ಲಿ, ಬಜಾರಿನಲ್ಲಿ, ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಮರಾಠಿ ಹಿಂದಿಗಳನ್ನು ಆಡುವವರು. ನೌಕರಿಯಲ್ಲಿ ಇಂಗ್ಲಿಷನ್ನು ಬರೆಯುವವರು. ಮಹಾರಾಷ್ಟ್ರ ಸರ್ಕಾರವು ೧೯೯೮ರಲ್ಲಿ ಅಧೀನ ನ್ಯಾಯಾಲಯಗಳ ಭಾಷೆಯಾಗಿ ಮರಾಠಿಯನ್ನು ಗೊತ್ತುಪಡಿಸಿತು. ಸಂವಿಧಾನದ ೩೪೮ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನಲ್ಲಿದೆ. ಒಂದು ರಾಜ್ಯದ ಭಾಷೆಗೆ ಅದರ ನ್ಯಾಯಾಲಯಗಳಲ್ಲಿ ಸಲ್ಲಬೇಕಾದ ಸ್ಥಾನ ಅದು. ಅದರ ಬಗ್ಗೆ ನಮ್ಮ ತಕರಾರು ಇಲ್ಲ. ಅದರ ಒಂದು ಪರಿಣಾಮವನ್ನಷ್ಟೇ ಇಲ್ಲಿ ಗುರುತಿಸುತ್ತಿದ್ದೇವೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗನಿಗೆ ಕನ್ನಡವು ಅಡುಗೆಮನೆಯ, ದೇವರಮನೆಯ, ಊರಿನ ನೆಂಟರೊಡನೆ ಫೋನಿನಲ್ಲಿ ಆಡುವ ಮಾತಿನ ಭಾಷೆ. ಅಪ್ಪ ಅಮ್ಮಂದಿರ ಕನ್ನಡ ಅವನಿಗೆ ಗೊತ್ತು. ಅಧಿಕಾರವನ್ನು ಪ್ರಶ್ನಿಸುವ ಕನ್ನಡ ಅವನ ಕಿವಿಗೆ ಬೀಳುವ ಸಂದರ್ಭಗಳು ಕಡಿಮೆ. ಸೀತಾರಾಮ್ ಅವರ ನ್ಯಾಯಾಲಯದಲ್ಲಿ ಮನೆಮಾತು ಇದ್ದಕ್ಕಿದ್ದಂತೆ ಸಾಕ್ಷ್ಯದ, ತರ್ಕದ, ತೀರ್ಮಾನದ ಭಾಷೆಯಾಗಿ ಎದ್ದು ನಿಲ್ಲುತ್ತದೆ.

ಕುತೂಹಲದ ಸಂಗತಿಯೆಂದರೆ ಈ ಭಾಷೆಯ ಶಬ್ದಗಳು ಅವನಿಗೆ ಅಪರಿಚಿತವಲ್ಲ. ವಕೀಲ, ಫಿರ್ಯಾದಿ, ಜಾಮೀನು, ತಕರಾರು, ದಸ್ತಾವೇಜು, ಅರ್ಜಿ ಮುಂತಾದ ಪಾರಸಿ ಅರಬಿ ಮೂಲದ ಆಡಳಿತ ಶಬ್ದಗಳು ಅಲ್ಪಸ್ವಲ್ಪ ರೂಪಭೇದದಿಂದ ಮರಾಠಿಯಲ್ಲೂ ಕನ್ನಡದಲ್ಲೂ ಬಳಕೆಯಲ್ಲಿವೆ. ಹೀಗಾಗಿ ಥಾಣೆಯ ಪ್ರೇಕ್ಷಕನು ಬೀದಿಯಲ್ಲಿ ಮರಾಠಿಯಾಗಿ ಕೇಳಿದ ಶಬ್ದವನ್ನೇ ರಾತ್ರಿ ಕನ್ನಡ ವಾಕ್ಯದೊಳಗೆ ಕೇಳುತ್ತಾನೆ. ಶಬ್ದ ಸಾಮಾನ್ಯ, ವಾಕ್ಯದ ನಡೆ, ಸಂಬೋಧನೆ, ಕ್ರಿಯಾಪದದ ಮರ್ಯಾದೆ ಮಾತ್ರ ತನ್ನವು. ಆದ್ದರಿಂದ ಆ ದೃಶ್ಯ ಅವನಿಗೆ ದೂರದ ಊರಿನ ಕಥೆಯಾಗಿ ಉಳಿಯುವುದಿಲ್ಲ.

ಈ ಕನ್ನಡ ಇಲ್ಲಿಯ ಮನೆಗಳಿಗೆ ತಾನಾಗಿ ಬಂದದ್ದೂ ಅಲ್ಲ. ಉಪಗ್ರಹ ಪ್ರಸಾರಕ್ಕೆ ಮುಂಚೆ ಬೆಂಗಳೂರಿನ ಕಾರ್ಯಕ್ರಮಗಳು ಮುಂಬಯಿಯ ಆಂಟೆನಾಗಳಿಗೆ ಎಟುಕುತ್ತಿರಲಿಲ್ಲ. ಮುಂದೆ ಕೇಬಲ್ ಬಂದಾಗಲೂ ಕನ್ನಡ ವಾಹಿನಿ ಬೇಕಾದರೆ ಕೇಬಲಿನವರನ್ನು ಕೇಳಿ ಹಾಕಿಸಿಕೊಳ್ಳಬೇಕಿತ್ತು. ೨೦೧೯ರಲ್ಲಿ ಜಾರಿಗೆ ಬಂದ ಹೊಸ ದರ ವ್ಯವಸ್ಥೆಯಿಂದ ವಾಹಿನಿಗಳನ್ನು ಆರಿಸಿ ಹಣ ತೆರುವ ಕ್ರಮ ಗ್ರಾಹಕರ ಕೈಗೇ ಬಂದಿತು. ಕರ್ನಾಟಕದಲ್ಲಿ ಧಾರಾವಾಹಿ ನೋಡುವುದು ಅಭ್ಯಾಸ. ಇಲ್ಲಿ ಅದು ಒಂದು ನಿರ್ಧಾರವೂ ಹೌದು.

ಥಾಣೆ ಪರಿಸರದ ಕನ್ನಡಿಗರಲ್ಲಿ ಕರಾವಳಿ ಮೂಲದವರು ಗಣನೀಯವಾಗಿದ್ದಾರೆ. ಅವರ ಕಿವಿಗೆ ಈ ದೃಶ್ಯದ ಲಯ ಮೊದಲೇ ಪರಿಚಿತ; ಅದಕ್ಕೆ ಕಾರಣ ತಾಳಮದ್ದಳೆ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದಕ್ಕೆ ಅರ್ಥಧಾರಿಗಳು ಕುಳಿತಲ್ಲಿಯೇ ಆಶುವಾಗಿ ಮಾತು ಕಟ್ಟುವ ಈ ಕಲೆಯ ಜೀವಾಳ ವಾದ. ‘ವಾಲಿ ಮೋಕ್ಷ’ದ ಪ್ರಸಂಗವನ್ನೇ ನೋಡಬಹುದು. ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಕಥೆಯ ಕೊನೆ ಸಭೆಯಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ವಾಲಿ ಸಾಯುತ್ತಾನೆ, ರಾಮ ರಾಮನಾಗಿಯೇ ಉಳಿಯುತ್ತಾನೆ. ಆದರೂ ಜನ ರಾತ್ರಿಯೆಲ್ಲ ಕುಳಿತು ಕೇಳುವುದು, ಬಿದ್ದವನಿಗೆ ಬೀಳಿಸಿದವನನ್ನು ಕೇಳುವ ಹಕ್ಕಿದೆ, ದೇವರಾದರೂ ಉತ್ತರ ಹೇಳಬೇಕಾಗುತ್ತದೆ ಎಂಬ ಕಾರಣಕ್ಕೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (೧೯೧೮–೨೦೦೬) ಅರ್ಥಧಾರಿಗಳು ಪ್ರತಿನಾಯಕರ ಪಾತ್ರಗಳಿಗೆ ತಂದುಕೊಟ್ಟ ಘನತೆ ಈ ಹಕ್ಕಿನ ಘನತೆಯೇ ಆಗಿದೆ. ತೀರ್ಪಿಗಿಂತ ಪ್ರಶ್ನೆಗೆ ಹೆಚ್ಚು ಬೆಲೆ ಕೊಡುವ ಕೇಳ್ಮೆಯ ಈ ಸಂಸ್ಕಾರವೇ ಕಿರುತೆರೆಯ ಎದುರೂ ಕೆಲಸ ಮಾಡುತ್ತದೆ. ಪಾತ್ರಗಳು ಮಾತ್ರ ಅದಲುಬದಲಾಗಿವೆ: ಅಲ್ಲಿ ಬಿದ್ದವನೇ ಕೇಳುತ್ತಾನೆ, ಇಲ್ಲಿ ಬಿದ್ದವನ ಪರವಾಗಿ ವಕೀಲ ಕೇಳುತ್ತಾನೆ. ಈ ವ್ಯತ್ಯಾಸದ ಕಡೆಗೆ ಮತ್ತೆ ಬರುತ್ತೇವೆ.

ನ್ಯಾಯಾಲಯವೆಂಬ ರೂಪ ತನ್ನಷ್ಟಕ್ಕೆ ಕರುಣೆಯದೆಂದು ಇದರಿಂದ ಭಾವಿಸಬಾರದು. ಇದೇ ಪ್ರದೇಶದ ಮರಾಠಿ ರಂಗಭೂಮಿ ಅದರ ಇನ್ನೊಂದು ಮುಖವನ್ನು ತೋರಿಸಿದೆ. ೧೯೬೭ರಲ್ಲಿ ರಂಗಕ್ಕೆ ಬಂದ ವಿಜಯ್ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೇ’ ನಾಟಕದಲ್ಲಿ ಆಟಕ್ಕೆಂದು ಆರಂಭವಾದ ಅಣಕು ವಿಚಾರಣೆಯು ಲೀಲಾ ಬೇಣಾರೆ ಎಂಬ ಶಿಕ್ಷಕಿಯ ಖಾಸಗಿ ಬದುಕಿನ ಬೇಟೆಯಾಗಿ ಪರಿಣಮಿಸುತ್ತದೆ. ಅಲ್ಲಿಯೂ ಕಟಕಟೆಯಿದೆ, ಪಾಟೀಸವಾಲಿದೆ, ಸಾಕ್ಷಿಯ ಮೌನವಿದೆ. ಆ ಮೌನ ಉಸಿರುಗಟ್ಟಿದವಳ ಮೌನ. ಸಾಕ್ಷ್ಯದ ಕಾನೂನಿಗೂ ಈ ಇಬ್ಬಗೆಯ ಅರಿವುಂಟು. ೧೮೭೨ರ ಸಾಕ್ಷ್ಯ ಅಧಿನಿಯಮವು ಪಾಟೀಸವಾಲಿನಲ್ಲಿ ಉತ್ತರವನ್ನು ಸೂಚಿಸುವ ಪ್ರಶ್ನೆಗಳನ್ನು ಕೇಳಲು ಅವಕಾಶ ಕೊಟ್ಟಿತು. ಅದೇ ಕಾನೂನು ಅವಮಾನಿಸುವ ಉದ್ದೇಶದ ಪ್ರಶ್ನೆಗಳನ್ನು ನ್ಯಾಯಾಲಯ ತಡೆಯಬೇಕೆಂದೂ ವಿಧಿಸಿತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, ೨೦೨೩, ಈ ಎರಡು ತತ್ತ್ವಗಳನ್ನೂ ಉಳಿಸಿಕೊಂಡಿದೆ. ಪ್ರಶ್ನೆಯು ಮನುಷ್ಯನನ್ನು ಎತ್ತಬಲ್ಲದು, ಕೆಡಹಬಲ್ಲದು. ತೆಂಡೂಲ್ಕರರನ್ನೂ ಸೀತಾರಾಮ್ ಅವರನ್ನೂ ಒಟ್ಟಿಗೆ ಬಲ್ಲ ಥಾಣೆಯ ಕನ್ನಡಿಗನಿಗೆ ಸಿ.ಎಸ್.ಪಿ.ಯ ಸಂಯಮದ ಬೆಲೆ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ. ಆ ಸಂಯಮ ತಪ್ಪಿದರೆ ಏನಾಗುತ್ತದೆಂಬುದನ್ನು ನೆರೆಯ ಭಾಷೆಯಲ್ಲಿ ಅವನು ನೋಡಿಬಲ್ಲ.

ಪ್ರಕಾರದ ಒಂದು ಗುಣವನ್ನೂ ಇಲ್ಲಿ ಹೇಳಬೇಕು. ನಾಟಕದಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಕೆಲವು ಕ್ಷಣಗಳಿರುತ್ತವೆ. ದೈನಿಕ ಧಾರಾವಾಹಿಯಲ್ಲಿ ಒಂದು ಹಗಲೇ ಇರಬಹುದು. ಪ್ರಶ್ನೆ ಕೇಳಿದಲ್ಲಿಗೆ ಕಂತು ಮುಗಿಯುತ್ತದೆ. ಇದು ವ್ಯಾಪಾರದ ತಂತ್ರವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಬಿಡುವಿನಲ್ಲಿ ಉತ್ತರ ಹೇಳುವ ಹೊಣೆ ಪ್ರೇಕ್ಷಕರ ಮೇಲೆ ಬೀಳುತ್ತದೆ. ಬೆಳಗಿನ ರೈಲಿನಲ್ಲಿ ಕಲ್ಯಾಣದಿಂದ ಮುಂಬಯಿಗೆ ಹೋಗುವವನು ಸಾಕ್ಷಿಯ ಸ್ಥಾನದಲ್ಲಿ ತನ್ನನ್ನು ನಿಲ್ಲಿಸಿಕೊಂಡು, ತಾನಾಗಿದ್ದರೆ ನಿಜ ಹೇಳುತ್ತಿದ್ದೆನೆ ಎಂದು ಕೇಳಿಕೊಳ್ಳುವುದಕ್ಕೆ ಅವಕಾಶವಿದೆ. ಈ ಆತ್ಮಪರೀಕ್ಷೆಯನ್ನು ಒಂದು ರಾಜಕೀಯ ಕ್ರಿಯೆಯೆಂದೇ ನಾವು ಪರಿಗಣಿಸುತ್ತೇವೆ.

ಇಷ್ಟಾದರೂ ಈ ದೃಶ್ಯಮಾದರಿಯ ಮಿತಿಯನ್ನು ಮರೆಮಾಚುವಂತಿಲ್ಲ. ಬಿದ್ದವನ ಪರವಾಗಿ ವಕೀಲನೇ ಕೇಳುವುದರಿಂದ ದೃಶ್ಯದ ಕೇಂದ್ರ ಮೆಲ್ಲನೆ ವಕೀಲನ ಸಜ್ಜನಿಕೆಯ ಕಡೆಗೆ ಸರಿಯುತ್ತದೆ. ನೊಂದವರು ಆ ಸಜ್ಜನಿಕೆ ಪ್ರಕಟವಾಗುವುದಕ್ಕೆ ನಿಮಿತ್ತವಾಗಿಬಿಡುವ ಅಪಾಯವಿದೆ. ಎರಡನೆಯದಾಗಿ, ಅಲ್ಲಿ ಗೌರವ ಪಡೆಯುವ ಕನ್ನಡ ಬಹುಪಾಲು ಹಳೆಯ ಮೈಸೂರು ಸೀಮೆಯ ವಿದ್ಯಾವಂತರ ಕನ್ನಡ. ಕಲ್ಯಾಣ್, ನವಿ ಮುಂಬಯಿಗಳ ಕಟ್ಟಡ ಕೆಲಸಗಳಿಗೆ ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದ ಕುಟುಂಬಗಳು ಇದೇ ಪರಿಸರದ ಕನ್ನಡಿಗರು. ಕೂಲಿ ಬಾಕಿಯ, ಅಪಘಾತದ ಪರಿಹಾರದ, ಗುಡಿಸಲು ತೆರವಿನ ಪ್ರಶ್ನೆಗಳು ಕಾಡುವುದು ಅವರನ್ನು. ಕಟಕಟೆಯ ಅಗತ್ಯ ಹೆಚ್ಚಾಗಿರುವುದೂ ಅವರಿಗೇ. ‘ನೀವು’ ಎಂದು ಕರೆಸಿಕೊಳ್ಳುವ ಅನುಭವ ಅವರಿಗೆ ಮರಾಠಿಯಲ್ಲಿಯೂ ಅಪರೂಪ, ಕನ್ನಡಿಗರ ನಡುವೆಯೂ ಅಪರೂಪ. ಕಿರುತೆರೆಯ ದೃಶ್ಯಕ್ಕೆ ಮನಸ್ಸು ಕರಗಿದ ನಾವು ಮರುದಿನ ನಮ್ಮದೇ ಕಟ್ಟಡದ ಕೆಳಗೆ ಕಲ್ಲು ಹೊರುವ ಹೆಂಗಸನ್ನು ಏಕವಚನದಲ್ಲಿ ಕರೆಯುವುದುಂಟು. ದೃಶ್ಯದ ಪರಿಣಾಮ ಎಲ್ಲಿಗೆ ನಿಲ್ಲುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಒಟ್ಟಿನಲ್ಲಿ, ಸೀತಾರಾಮ್ ಅವರ ನ್ಯಾಯಾಲಯ ದೃಶ್ಯ ಜನರನ್ನು ಕಲಕುವುದು, ಮನುಷ್ಯನೊಬ್ಬನನ್ನು ಅವನ ಭಾಷೆಯಲ್ಲಿ ಮರ್ಯಾದೆಯಿಂದ ಪ್ರಶ್ನಿಸಿ ಉತ್ತರಕ್ಕಾಗಿ ಕಾಯುವ ಸಮಾಜವೊಂದು ಸಾಧ್ಯವೆಂದು ಅದು ಕೆಲವು ನಿಮಿಷ ತೋರಿಸುವುದರಿಂದ. ಭಾಷೆಯ ಅಧಿಕಾರವನ್ನು ಬಿಟ್ಟುಬಂದ ಹೊರನಾಡಿನವರಿಗೆ ಈ ಕೆಲವು ನಿಮಿಷಗಳ ಬೆಲೆ ಹೆಚ್ಚು. ಮುಂದಿನ ಅಧ್ಯಯನಗಳು ಥಾಣೆ ಪರಿಸರದ ಕನ್ನಡವನ್ನು ಹುಡುಕಿ ಹೊರಟಾಗ ಸಂಘದ ಸಭಾಂಗಣಗಳ ಜೊತೆಗೆ ಕಟ್ಟಡ ಕೆಲಸದ ಶೆಡ್ಡುಗಳಿಗೂ ಹೋಗಬೇಕು. ಹೋದಾಗ ‘ನೀವು’ ಎಂದೇ ಮಾತು ಆರಂಭಿಸಿ, ಉತ್ತರ ಬರುವವರೆಗೆ ಕಾಯಬೇಕು.