ಧ್ರುವಪ್ರಭೆಗೂ ಒಂದು ಪತ್ತನಾಜೆ

ಗವರ್ನರ್‌ಪೇಟೆಯ ಮಹಡಿಯಿಂದ ಧ್ರುವಪ್ರಭೆ ಕಾಣದು. ವಿಜಯವಾಡ ಇರುವುದು 16.5 ಡಿಗ್ರಿ ಅಕ್ಷಾಂಶದಲ್ಲಿ. ಆ ಬೆಳಕು ಬಳೆಯಂತೆ ಸುತ್ತುವುದು ಕಾಂತೀಯ ಧ್ರುವವನ್ನು. ಆದರೂ ಇಲ್ಲಿ ನೆಲೆಸಿದ ಕರ್ನಾಟಕ ಕರಾವಳಿಯವರಿಗೆ ಅದನ್ನು ನೋಡುವ ಕ್ರಮ ಬೇಗ ಹತ್ತುತ್ತದೆ. ಅವರು ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು.

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಹೆಚ್ಚುಕಡಿಮೆ ಅದೇ ವಾರ ನಾರ್ವೆಯ ಟ್ರೊಮ್ಸೊದಲ್ಲಿ ಸೂರ್ಯ ಮುಳುಗುವುದನ್ನೇ ನಿಲ್ಲಿಸುತ್ತಾನೆ. ಮತ್ತೆ ಮುಳುಗುವುದು ಜುಲೈ ಕೊನೆಗೆ. ಪ್ರಭೆ ಆಗಲೂ ಮೇಲೆ ಕುಣಿಯುತ್ತಿರುತ್ತದೆ, ನೋಡಲು ಕತ್ತಲೆ ಇರುವುದಿಲ್ಲ. ಹಾಗಾಗಿ ಆಗಸ್ಟ್ ಕೊನೆಯಿಂದ ಏಪ್ರಿಲ್ ಮೊದಲ ವಾರಗಳವರೆಗೆ ಅಲ್ಲಿನ ತಿರುಗಾಟ. ದೀರ್ಘ ರಾತ್ರಿಯ ಆಸೆಗೆ ಹೆಚ್ಚಿನವರು ಡಿಸೆಂಬರಿನಲ್ಲಿ ಹೊರಡುತ್ತಾರೆ. ನಾನು ಹೇಳುವುದು ಸೆಪ್ಟೆಂಬರ್ ಅಥವಾ ಮಾರ್ಚ್. ಹಗಲು ರಾತ್ರಿ ಸಮನಾಗುವ ದಿನಗಳ ಆಸುಪಾಸಿನಲ್ಲಿ ಸೌರಮಾರುತದ ಕಾಂತಕ್ಷೇತ್ರ ಭೂಮಿಯದರೊಂದಿಗೆ ಸುಲಭವಾಗಿ ಬೆಸೆಯುತ್ತದೆ, ಪ್ರಭೆಯೂ ಹೆಚ್ಚುತ್ತದೆ. 1973ರಲ್ಲಿ ವಿಜ್ಞಾನಿಗಳಾದ ರಸೆಲ್ ಮತ್ತು ಮ್ಯಾಕ್‌ಫೆರಾನ್ ಇದರ ಕಾರಣ ವಿವರಿಸಿದರು. ಹುಣ್ಣಿಮೆ ತಪ್ಪಿಸಿ.

ಮೊದಲ ಅರ್ಧ ಗಂಟೆ ಫೋನ್ ಮುಟ್ಟಬೇಡಿ, ಕಣ್ಣು ಕತ್ತಲೆಗೆ ಒಗ್ಗಬೇಕು. ಉತ್ತರದಲ್ಲಿ ತೆಳುಮೋಡದಂಥ ಬೂದು ಕಮಾನು ಕಂಡರೆ ಇಷ್ಟೇನಾ ಎನ್ನಬೇಡಿ, ಅದು ಪೂರ್ವರಂಗ. ಚೆಂಡೆಗೆ ಕಾವೇರಿದ ಹಾಗೆ ಕಮಾನು ಹಸಿರಾಗುತ್ತದೆ, ನೆರಿಗೆ ಬಿದ್ದ ಪರದೆಯಾಗುತ್ತದೆ, ಕೆಲವು ರಾತ್ರಿ ನೆತ್ತಿಯ ಮೇಲೆ ಕಿರೀಟವಾಗಿ ಬಿಚ್ಚಿಕೊಳ್ಳುತ್ತದೆ. ಆ ಉತ್ಕರ್ಷ ಕೆಲವೇ ನಿಮಿಷ. ಬೆಳಗಿನ ಜಾವಕ್ಕೆ ಬಿಡಿಬಿಡಿ ತೇಪೆಗಳು ಮಿಡಿಯತೊಡಗುತ್ತವೆ. ಜನ ಎದ್ದು ಹೊರಡುವ ಹೊತ್ತದು. ದಯವಿಟ್ಟು ಏಳಬೇಡಿ.

ಬಣ್ಣದಲ್ಲಿ ಎತ್ತರ ಓದಬಹುದು. 100ರಿಂದ 150 ಕಿ.ಮೀ. ಮೇಲೆ ಆಮ್ಲಜನಕ ಹಸಿರು ಸೂಸುತ್ತದೆ, 200 ಕಿ.ಮೀ. ದಾಟಿದರೆ ಅದೇ ಆಮ್ಲಜನಕ ಕೆಂಪು. ಕೆಳಅಂಚಿನ ಗುಲಾಬಿ ಸಾರಜನಕದ್ದು. 2024ರ ಮೇ 10-11ರ ರಾತ್ರಿ, ಪತ್ತನಾಜೆಗೆ ಎರಡೇ ವಾರವಿದ್ದಾಗ, ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಕ್ಯಾಮೆರಾಗಳು ಕೆಂಪು ಆಕಾಶವನ್ನು ಹಿಡಿದವು. ಅಷ್ಟು ದಕ್ಷಿಣಕ್ಕೆ ಕಾಣಲು ಎತ್ತರದ ಕೆಂಪೇ ಬೇಕು. ಅದು ಸೂರ್ಯನ 11 ವರ್ಷದ ಚಕ್ರ ಉಬ್ಬಿದ್ದ ಕಾಲ. ಅಂಥ ಸೌರ ಚಂಡಮಾರುತ ತಿಂಗಳು ನೋಡಿ ಬರುವುದಿಲ್ಲ.

ಕಣ್ಣಿನ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ. ಜನವರಿಯ ಅಮಾವಾಸ್ಯೆಗೆ ಬೆಸೆಂಟ್ ರೋಡಿನ ದೀಪಗಳನ್ನು ಬಿಟ್ಟು, ಊರಾಚೆಯ ಕೃಷ್ಣೆಯ ದಡಕ್ಕೆ ಹೋಗಿ ಅರ್ಧ ಗಂಟೆ ನಿಲ್ಲಿ. ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯ ನಡುವಿನ ಚುಕ್ಕೆಯನ್ನು ನೇರವಾಗಿ ನೋಡದೆ ಓರೆಗಣ್ಣಲ್ಲಿ ನೋಡುತ್ತಿರಿ. ಸ್ವಲ್ಪ ಹೊತ್ತಿಗೆ ಅದು ಮಂಜಿನಂತೆ ಅರಳುತ್ತದೆ.