ಒಂದೂವರೆ ಪಟ್ಟು: ಜಟಿಂಗ ರಾಮೇಶ್ವರದ ಬಂಡೆಯನ್ನು ಆತ್ಮಕಥನವಾಗಿ ಓದುವುದು

ಜಟಿಂಗ ರಾಮೇಶ್ವರನ ಗುಡಿಗೆ ಹತ್ತುವ ಮೆಟ್ಟಿಲುಗಳ ಎದುರಿಗೆ ಒಂದು ಬಂಡೆಯಿದೆ. ಜಾತ್ರೆಯಲ್ಲಿ ಬಳೆಗಾರರು ಬಳೆ ಹರಡಿಕೊಂಡು ಕೂರುತ್ತಿದ್ದ ಜಾಗವಾದ್ದರಿಂದ ಅದಕ್ಕೆ ಬಳೆಗಾರರ ಗುಂಡು ಎಂದು ಹೆಸರು ಬಿದ್ದಿತ್ತು. ಅದರ ಮೇಲೆ ಅಶೋಕನ ಶಾಸನವಿದೆ. ಇದೆ ಅನ್ನುವುದಕ್ಕಿಂತ ಇತ್ತು ಅನ್ನುವುದೇ ಮೇಲು, ಅಷ್ಟು ಸವೆದಿದೆ. ಬ್ರಾಹ್ಮಿ ಲಿಪಿಯನ್ನು ಒಂದಿಷ್ಟು ಕಲಿತು, ಅಕ್ಷರಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದ ನಾನು ನಾಲ್ಕು ಅಕ್ಷರ ಗುರುತಿಸುವಷ್ಟರಲ್ಲಿ ಸುಸ್ತಾದೆ. 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮೂರು ಸೀಮೆಯಲ್ಲಿ ಹತ್ತಿರ ಹತ್ತಿರದ ಮೂರು ಕಡೆ, ಅಂದರೆ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಈ ಬೆಟ್ಟದಲ್ಲಿ, ಒಂದೇ ಶಾಸನದ ಮೂರು ಪ್ರತಿಗಳನ್ನು ಬೆಳಕಿಗೆ ತಂದರು. ಜಟಿಂಗದಲ್ಲಿ ಅಳಿಸಿಹೋದದ್ದನ್ನು ಬ್ರಹ್ಮಗಿರಿಯ ಪಾಠದಿಂದ ತುಂಬಿಕೊಂಡು ಓದುವುದು ರೂಢಿ. ನಾನೂ ಹುಲ್ಟ್ಷ್ 1925ರಲ್ಲಿ ಸಂಪಾದಿಸಿದ ಪಾಠವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡೇ ಬಂಡೆಯ ಮುಂದೆ ನಿಂತಿದ್ದೆ.

ಇತಿಹಾಸದ ವಿದ್ಯಾರ್ಥಿಗಳು ಈ ಶಾಸನದಲ್ಲಿ ಹುಡುಕುವುದು ಸುವರ್ಣಗಿರಿ ಎಲ್ಲಿ, ಇಸಿಲ ಎಲ್ಲಿ ಎಂಬಂಥ ಸಂಗತಿಗಳನ್ನು. ನಾನು ಸಾಹಿತ್ಯದ ವಿದ್ಯಾರ್ಥಿ. ನನಗೆ ಅದು ಒಬ್ಬ ಮನುಷ್ಯ ತಾನು ಬದಲಾದದ್ದನ್ನು ತಾನೇ ಹೇಳಿಕೊಂಡ ಪಠ್ಯವಾಗಿ ಕಾಣುತ್ತದೆ. ಅದರಲ್ಲಿ ಅಶೋಕ ಹೇಳುವುದು ಇಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಮೊದಲ ಒಂದು ವರ್ಷ ತಾನು ಅಷ್ಟೇನೂ ಪ್ರಯತ್ನ ಪಡಲಿಲ್ಲ. ಸಂಘದ ಹತ್ತಿರ ಹೋದ ಮೇಲೆ, ಈಗ ಒಂದು ವರ್ಷದಿಂದೀಚೆಗೆ, ಚೆನ್ನಾಗಿ ಪ್ರಯತ್ನಪಟ್ಟಿದ್ದೇನೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯವಾಗುವ ಕೆಲಸವಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತದೆ. ಈ ಪ್ರಯತ್ನ ಬಹುಕಾಲ ಉಳಿಯಲಿ. ಇದು ಬೆಳೆಯುತ್ತದೆ, ಕಡಿಮೆಯೆಂದರೂ ಒಂದೂವರೆ ಪಟ್ಟು ಬೆಳೆಯುತ್ತದೆ.

ಒಂದೂವರೆ ಪಟ್ಟು! ಚಕ್ರವರ್ತಿಯೊಬ್ಬ ನೂರು ಪಟ್ಟು, ಸಾವಿರ ಪಟ್ಟು ಅನ್ನಬಹುದಿತ್ತು. ಹೊಗಳಿಕೆಯ ಶಾಸನಗಳನ್ನು ಓದಿ ಬೇಸತ್ತವರಿಗೆ ಗೊತ್ತು, ಕಲ್ಲಿನ ಮೇಲೆ ಇಂಥ ಜಿಪುಣ ಲೆಕ್ಕ ಸಿಗುವುದು ಎಷ್ಟು ಅಪರೂಪವೆಂದು. ಮೊದಲ ವರ್ಷ ಸೋಮಾರಿಯಾಗಿದ್ದೆ ಎಂದು ಕಲ್ಲಿನಲ್ಲಿ ಕೊರೆಸಿದ ಇನ್ನೊಬ್ಬ ದೊರೆಯನ್ನು ನಾನಂತೂ ಕಂಡಿಲ್ಲ.

ನನ್ನನ್ನು ಬೆಟ್ಟ ಹತ್ತಿಸಿದ್ದು ಮನೆಯ ಒಂದು ಜಗಳ. ನಮ್ಮದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ, ಶೇಂಗಾ ಹೊಲದ ಮನೆ. ನನ್ನ ಅಪ್ಪ ಒಂದು ಕಾಲಕ್ಕೆ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಎಸೆಯುತ್ತಿದ್ದ ಮನುಷ್ಯ, ಕುಡಿಯುತ್ತಿದ್ದ. ಈಗ ಕುಡಿಯುವುದಿಲ್ಲ, ದನಿ ಎತ್ತುವುದಿಲ್ಲ, ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಾನೆ. ಊರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಅಪ್ಪ ಈ ಕಥೆಯನ್ನು ಹೇಳುವುದನ್ನು ನಾನು ಹತ್ತಾರು ಸಲ ಕೇಳಿದ್ದೇನೆ. ದೊಡ್ಡಪ್ಪ ತೀರಿಕೊಂಡ ದಿನ, ಮಣ್ಣು ಮಾಡಿ ಬಂದು, ಬಾವಿಕಟ್ಟೆಯ ಮೇಲೆ ಕೂತು ಅಪ್ಪ ತೀರ್ಮಾನ ಮಾಡಿದನಂತೆ. ಅವತ್ತಿನಿಂದ ಬೇರೆ ಮನುಷ್ಯನಾದನಂತೆ. ಇದನ್ನು ಅವ್ವನ ಮುಂದೆ ಹೇಳಿದರೆ ಅವಳು ಒಲೆಯ ಕಡೆ ತಿರುಗಿ, "ಅವತ್ತೇ ಎಲ್ಲಿ ಬಿಟ್ಟ? ಆಮೇಲೂ ಎರಡು ಉಗಾದಿ ಕುಡಿದ. ಬದಲಾಗಿಲ್ಲ ಕಣಪ್ಪ, ಸುಸ್ತಾಗೈತೆ ಅಷ್ಟೆ" ಅನ್ನುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಎಂಬ ಗಾದೆ ಅವಳ ಪಕ್ಷ. ಇಬ್ಬರಲ್ಲಿ ಯಾರು ಸರಿ ಎನ್ನುವುದು ನನಗೆ ಪಿಎಚ್.ಡಿ.ಯ ವಿಷಯಕ್ಕಿಂತ ಹತ್ತಿರದ ಪ್ರಶ್ನೆ.

ಹಾಸ್ಟೆಲಿನಲ್ಲಿ ಈ ಪ್ರಶ್ನೆಗೆ ಬೇರೊಂದು ಭಾಷೆಯಿದೆ. ಫೋನಿನಲ್ಲಿ ಒಂದಷ್ಟು ಪ್ರಶ್ನೆಗಳಿಗೆ ಗುರುತು ಹಾಕಿದರೆ ನಾಲ್ಕು ಅಕ್ಷರಗಳ ವ್ಯಕ್ತಿತ್ವ ಬರುತ್ತದೆ. ಯೂಂಗ್ 1921ರಲ್ಲಿ ಬರೆದ ಮಾನಸಿಕ ಪ್ರಕಾರಗಳ ಪುಸ್ತಕವನ್ನು ಹಿಡಿದು ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್ ಬೆಳೆಸಿದ ಹದಿನಾರು ಪೆಟ್ಟಿಗೆಗಳು ಅವು. ಎಂ.ಎ.ಯಲ್ಲಿದ್ದಾಗ ನಾನು ಒಂದು ಪೆಟ್ಟಿಗೆಯಲ್ಲಿದ್ದೆ, ಕಳೆದ ವರ್ಷ ನೋಡಿದರೆ ಇನ್ನೊಂದರಲ್ಲಿದ್ದೆ. ಗೆಳೆಯರು "ನೀನು ಬದಲಾಗಿಬಿಟ್ಟೆ" ಎಂದರು. ನನಗೇನೋ ಗೈಡ್ ಬದಲಾಗಿದ್ದರು ಅಷ್ಟೆ. ಇಂಥ ಪರೀಕ್ಷೆಯಲ್ಲಿ ನಡುಗೆರೆಯ ಆಚೆ ಈಚೆ ಒಂದು ಹೆಜ್ಜೆ ಇಟ್ಟರೂ ಹೆಸರೇ ಬದಲಾಗುತ್ತದೆ. ವಿಲಿಯಂ ಜೇಮ್ಸ್ 1890ರಲ್ಲೇ, ಮೂವತ್ತರ ಹೊತ್ತಿಗೆ ಸ್ವಭಾವ ಗಾರೆಯ ಹಾಗೆ ಗಟ್ಟಿಯಾಗಿಬಿಡುತ್ತದೆ ಎಂಬರ್ಥದ ಮಾತು ಹೇಳಿದ್ದ. ಆ ಲೆಕ್ಕದಲ್ಲಿ ನನಗೆ ಇನ್ನೆರಡು ವರ್ಷ ಇದೆ, ಅಪ್ಪನಿಗೆ ಅವಕಾಶವೇ ಇರಲಿಲ್ಲ. ಆದರೆ ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2006ರಲ್ಲಿ, ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ಅಳೆದ 92 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಬೇರೆ ಚಿತ್ರ ಸಿಕ್ಕಿತು. ಹೊಣೆಗಾರಿಕೆ, ಮನಸ್ಸಿನ ಸ್ಥಿಮಿತ ಇಂಥವು ಇಪ್ಪತ್ತರಿಂದ ನಲವತ್ತರ ನಡುವೆ ವಿಶೇಷವಾಗಿ ಏರುತ್ತವೆ, ಮೂವತ್ತರ ನಂತರವೂ ನಿಲ್ಲುವುದಿಲ್ಲ. ಏರಿಕೆ ನಿಧಾನದ್ದು, ಕಣ್ಣಿಗೆ ಬೀಳದಂಥದ್ದು. ಒಂದೂವರೆ ಪಟ್ಟಿನ ಜಾತಿಯದು.

ಈಗ ಬಂಡೆಗೆ ಬರೋಣ. ನಾವು ಶಾಲೆಯಲ್ಲಿ ಕಲಿತ ಅಶೋಕ ಒಂದೇ ದಿನದಲ್ಲಿ ಬದಲಾದವನು. ಕಳಿಂಗದ ರಣರಂಗ, ಹೆಣಗಳ ರಾಶಿ, ಕೆಳಗಿಟ್ಟ ಕತ್ತಿ. ಚಂಡಾಶೋಕ ಹೋಗಿ ಧರ್ಮಾಶೋಕ ಬಂದ. ಇದು ಒಂದು ಪೆಟ್ಟಿಗೆಯಿಂದ ಎತ್ತಿ ಇನ್ನೊಂದರಲ್ಲಿ ಇಡುವ ಕಥೆ, ಬಾವಿಕಟ್ಟೆಯ ಕಥೆಯ ಅಣ್ಣ. ಕಳಿಂಗದ ಪಶ್ಚಾತ್ತಾಪ ಸುಳ್ಳೆಂದು ನಾನು ಹೇಳುತ್ತಿಲ್ಲ. 13ನೆಯ ಬಂಡೆ ಶಾಸನದಲ್ಲಿ ಅದು ಇದೆ: ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟದ್ದು, ಒಂದು ಲಕ್ಷ ಜನ ಹತರಾದದ್ದು, ಅದರ ಎಷ್ಟೋ ಪಟ್ಟು ಜನ ಸತ್ತದ್ದು. ಆದರೆ ಅಶೋಕನ ಶಾಸನಗಳಲ್ಲಿ ಮೊದಮೊದಲಿನದೆಂದು ಸಾಮಾನ್ಯವಾಗಿ ಒಪ್ಪುವ ಈ ಮೊಳಕಾಲ್ಮೂರಿನ ಪಾಠದಲ್ಲಿ ಕಳಿಂಗದ ಹೆಸರೇ ಇಲ್ಲ. ಇಲ್ಲಿರುವುದು ವರ್ಷಗಳ ಲೆಕ್ಕ ಮತ್ತು ಒಂದು ತಪ್ಪಿಹೋದ ವರ್ಷ. ರೋಮಿಲಾ ಥಾಪರ್ 1961ರ ತಮ್ಮ ಪುಸ್ತಕದಲ್ಲೇ ಹಠಾತ್ ಮತಾಂತರದ ಕಥೆಯನ್ನು ಅನುಮಾನಿಸಿ, ಆತ ಹಂತಹಂತವಾಗಿ ಬೌದ್ಧಧರ್ಮದ ಕಡೆ ಬಂದ ಎಂದು ವಾದಿಸಿದ್ದರು. ಅವರ ಆಧಾರಗಳಲ್ಲಿ ಈ ವರ್ಷಗಳ ಲೆಕ್ಕವೂ ಸೇರಿದೆ.

ಅಡುಗೆಮನೆಯನ್ನೂ ನೋಡಬಹುದು. ಮೊದಲ ಬಂಡೆ ಶಾಸನದಲ್ಲಿ, ಹಿಂದೆ ಅರಮನೆಯ ಅಡುಗೆಗೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು, ಈಗ ದಿನಕ್ಕೆ ಎರಡು ನವಿಲು ಒಂದು ಜಿಂಕೆ ಮಾತ್ರ, ಜಿಂಕೆಯೂ ದಿನಾ ಅಲ್ಲ, ಮುಂದೆ ಅವೂ ಇಲ್ಲ ಎಂದಿದೆ. ಬಿಡುವವರ ಭಾಷೆ ಇದು. ಅಪ್ಪನೂ ಬಿಡುವ ಕಾಲದಲ್ಲಿ ಹಬ್ಬಕ್ಕೆ ಮಾತ್ರ ಅನ್ನುತ್ತಿದ್ದ.

ತಮಾಷೆಯೆಂದರೆ, ಪರಿವರ್ತನೆಯನ್ನು ಅಷ್ಟು ರಭಸದಿಂದ ಹೇಳುವ ದಂತಕಥೆಗಳೇ ಅದನ್ನು ಪೂರ್ತಿ ನಂಬುವುದಿಲ್ಲ. ಅಶೋಕಾವದಾನದಲ್ಲಿ ಬೌದ್ಧನಾದ ಮೇಲೂ ಅಶೋಕ, ಬುದ್ಧನಿಗೆ ಅವಮಾನ ಮಾಡಿದ ಚಿತ್ರವೊಂದರ ಸುದ್ದಿ ಕೇಳಿ, ಪುಂಡ್ರವರ್ಧನದಲ್ಲಿ ಹದಿನೆಂಟು ಸಾವಿರ ಆಜೀವಿಕರನ್ನು ಕೊಲ್ಲಿಸುತ್ತಾನೆ. ನಡೆದದ್ದಿರಲಿ ಬಿಡಲಿ, ಕಥೆ ಕಟ್ಟಿದವರಿಗೆ ಅವ್ವನ ಗಾದೆ ಗೊತ್ತಿತ್ತು. 13ನೆಯ ಶಾಸನದಲ್ಲೂ, ಪಶ್ಚಾತ್ತಾಪದ ಮಾತಿನ ಪಕ್ಕದಲ್ಲೇ ಕಾಡಿನ ಜನಕ್ಕೊಂದು ಎಚ್ಚರಿಕೆ ಇದೆ: ನೊಂದಿದ್ದಾನೆ ನಿಜ, ಆದರೆ ಶಿಕ್ಷಿಸುವ ಶಕ್ತಿಯೂ ಅವನಿಗಿದೆ.

ಮೊಳಕಾಲ್ಮೂರಿನ ಪಾಠದಲ್ಲಿ ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದ್ದು ಎರಡು ಪದಗಳು. ಮೊದಲ ಭಾಗದಲ್ಲಿ ಮತ್ತೆ ಮತ್ತೆ ಬರುವುದು 'ಪಕಮ'. ಸಂಸ್ಕೃತದ ಪ್ರಕ್ರಮ, ಅಂದರೆ ಮುಂದಕ್ಕೆ ಹೆಜ್ಜೆಯಿಡುವುದು, ಉದ್ಯಮ. ಇದೆಲ್ಲ ಪಕಮದ ಫಲ, ಸಣ್ಣವರೂ ದೊಡ್ಡವರೂ ಪಕಮ ಮಾಡಲಿ. ಆಮೇಲೆ ಎರಡನೆಯ ಭಾಗ ಶುರುವಾಗುತ್ತದೆ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಇದು ಪುರಾತನವಾದ 'ಪಕಿತಿ' ಎಂದು ಆ ಭಾಗ ಹೇಳುತ್ತದೆ. ಪಕಿತಿ ಎಂದರೆ ನಮ್ಮ ಪ್ರಕೃತಿಯೇ. ಅನುವಾದಕರು ಹಳೆಯ ಪದ್ಧತಿ ಎಂದೋ ಹಳೆಯ ಸ್ವಭಾವ ಎಂದೋ ಮಾಡಿದ್ದಾರೆ. ಒಂದೇ ಬಂಡೆ, ಒಂದೇ ಲಿಪಿಕಾರ. ಮೇಲುಗಡೆ ತಾನು ಪ್ರಯತ್ನದಿಂದ ಬೇರೆಯವನಾದೆ ಅನ್ನುವ ದೊರೆ, ಕೆಳಗಡೆ ಜನಕ್ಕೆ ಹೊಸಬರಾಗಿ ಎಂದು ಹೇಳುತ್ತಿಲ್ಲ, ನಿಮ್ಮ ಹಳೆಯ ಪ್ರಕೃತಿಯಂತೆ ನಡೆಯಿರಿ ಅನ್ನುತ್ತಿದ್ದಾನೆ.

ಇದನ್ನು ವಿರೋಧಾಭಾಸ ಎಂದು ಬರೆದು ಒಂದು ಅಧ್ಯಾಯ ಮುಗಿಸಬಹುದು. ನಾನು ಹಾಗೆ ಓದಲಾರೆ. ಪ್ರಕೃತಿ ಇಲ್ಲಿ ಒಳಗೆ ಗಟ್ಟಿಯಾಗಿ ಕೂತ ಗಾರೆಯಲ್ಲ, ಬಹಳ ಜನ ಬಹಳ ಕಾಲ ಮಾಡಿ ಮಾಡಿ ಹಳತಾದ ನಡವಳಿಕೆ. ಪಕಮ ಸಾಕಷ್ಟು ದಿನ ನಡೆದರೆ ಪಕಿತಿಯಾಗುತ್ತದೆ. ಈ ಪ್ರಯತ್ನ ಬಹುಕಾಲ ಉಳಿಯಲಿ ಎಂಬ ಕಾಳಜಿ ಅದಕ್ಕೇ ಇರಬೇಕು. ಎರಡೂವರೆ ವರ್ಷದಲ್ಲಿ ಒಂದು ವರ್ಷ ಕಳೆದುಕೊಂಡವನಿಗೆ, ಬಿಟ್ಟರೆ ಮತ್ತೆ ಎಲ್ಲಿಗೆ ಹೋಗುತ್ತೇನೆ ಎನ್ನುವುದು ಗೊತ್ತಿರುತ್ತದೆ.

ಕನ್ನಡದಲ್ಲಿ ಈ ವಸ್ತುವನ್ನು ಗಂಭೀರವಾಗಿ ಎತ್ತಿಕೊಂಡವನು ಹನ್ನೆರಡನೆಯ ಶತಮಾನದ ಹೊತ್ತಿನ ನಾಗಚಂದ್ರ. ಅವನನ್ನು ಇಲ್ಲಿ ನೆನೆಯಲು ಈ ಬೆಟ್ಟವೇ ಕಾರಣ. ಸೀತೆಯನ್ನು ಒಯ್ಯುತ್ತಿದ್ದ ರಾವಣನನ್ನು ಜಟಾಯು ತಡೆದು ಬಿದ್ದದ್ದು ಇಲ್ಲೇ, ರಾಮ ಲಿಂಗ ಸ್ಥಾಪಿಸಿದ್ದೂ ಇಲ್ಲೇ ಎಂದು ಸುತ್ತಿನವರ ನಂಬಿಕೆ. ಆ ಕಥೆಯ ರಾವಣ ಬದಲಾಗುವವನಲ್ಲ. ಆದರೆ ರಾಮಚಂದ್ರಚರಿತ ಪುರಾಣದ ರಾವಣ ಬದಲಾಗುತ್ತಾನೆ. ರಾಮನ ಕಥೆ ಮುಗಿಯಿತೆಂಬ ಅವನ ಬೆದರಿಕೆ ಕೇಳಿ ಸೀತೆ ಮೂರ್ಛೆ ಹೋದಾಗ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಗುತ್ತದೆ, ಮೋಹ ಕಳಚುತ್ತದೆ. ಆದರೆ ಸೀತೆಯನ್ನು ಆಗಲೇ ಒಪ್ಪಿಸುವುದಿಲ್ಲ. ಈಗ ಕೊಟ್ಟರೆ ಹೆದರಿ ಕೊಟ್ಟ ಎಂದಾಗುತ್ತದೆ, ಯುದ್ಧದಲ್ಲಿ ಗೆದ್ದು, ರಾಮಲಕ್ಷ್ಮಣರನ್ನು ಹಿಡಿದು ತಂದು ಆಮೇಲೆ ಕೊಡುತ್ತೇನೆ ಅನ್ನುತ್ತಾನೆ. ನಮ್ಮ ವಿಮರ್ಶೆ ಇವನನ್ನು ದುರಂತ ನಾಯಕನೆಂದು ಬಹಳ ಪ್ರೀತಿಯಿಂದ ಓದಿದೆ, ಪಠ್ಯಪುಸ್ತಕಗಳೂ ಅದನ್ನೇ ಹೇಳಿಕೊಡುತ್ತವೆ. ನನಗೆ ಆ ಪ್ರೀತಿ ಸ್ವಲ್ಪ ಹೆಚ್ಚಾಯಿತು ಅನಿಸುತ್ತದೆ. ಅವನ ಆಸೆ ಬದಲಾಯಿತು, ಅಭಿಮಾನ ಇದ್ದ ಹಾಗೇ ಇತ್ತು. ತನ್ನ ಬದಲಾವಣೆಯನ್ನು ಗೆದ್ದವನ ಔದಾರ್ಯವಾಗಿ ಜನರು ನೋಡಬೇಕು ಎಂಬ ಹಟದಲ್ಲಿ ಅವನು ಸತ್ತ. ಅಷ್ಟೂ ಹೊತ್ತು ಸೀತೆ ಸೆರೆಯಲ್ಲೇ ಇದ್ದಳು. ಅವನ ಮನಸ್ಸು ತಿರುಗಿದ್ದರಿಂದ ಅವಳಿಗೆ ಒಂದು ದಿನವೂ ಉಳಿತಾಯವಾಗಲಿಲ್ಲ.

ಈ ರಾವಣನನ್ನು ಓದಿದ ಮೇಲೆ ಅಶೋಕನ ಇನ್ನೊಂದು ಸಂಗತಿ ಬೇರೆಯಾಗಿ ಕಾಣತೊಡಗಿತು. ಕಳಿಂಗದ ಸಾವುನೋವನ್ನು ಒಪ್ಪಿಕೊಳ್ಳುವ 13ನೆಯ ಶಾಸನ ಖುದ್ದು ಕಳಿಂಗದಲ್ಲಿ, ಅಂದರೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಇಲ್ಲ. ಅಲ್ಲಿ ಅದರ ಜಾಗಕ್ಕೆ ಬೇರೆ ಶಾಸನಗಳಿವೆ: ಎಲ್ಲ ಜನರೂ ತನ್ನ ಮಕ್ಕಳೆಂದು, ಅವರನ್ನು ನ್ಯಾಯವಾಗಿ ನೋಡಿಕೊಳ್ಳಿ ಎಂದು ಅಧಿಕಾರಿಗಳಿಗೆ ಹೇಳುವಂಥವು. ಆಡಳಿತದ ಜಾಣತನ ಎನ್ನಬಹುದು, ಗಾಯ ಕೆದಕಬಾರದೆಂಬ ಮುತುವರ್ಜಿ ಎನ್ನಬಹುದು. ಏನೇ ಇರಲಿ, ತಪ್ಪೊಪ್ಪಿಗೆ ದೂರದ ಗಡಿಗಳಿಗೆಲ್ಲ ಹೋಯಿತು, ಮನೆ ಸುಟ್ಟವರ ಊರಿಗೆ ಹೋಗಲಿಲ್ಲ.

ಅಪ್ಪ ತನ್ನ ಕಥೆಯನ್ನು ಹೋಟೆಲಿನಲ್ಲಿ ಹೇಳುತ್ತಾನೆ, ಜಾತ್ರೆಯಲ್ಲಿ ಸಿಕ್ಕ ನೆಂಟರಿಗೆ ಹೇಳುತ್ತಾನೆ, ನನ್ನ ಗೆಳೆಯರಿಗೂ ಹೇಳಿದ್ದಾನೆ. ಅವ್ವನಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅವ್ವ ಇವತ್ತಿಗೂ ಅಪ್ಪನ ಊಟ ಮುಗಿಯುವ ಹೊತ್ತಿಗೆ ಎದ್ದು ನಿಲ್ಲುತ್ತಾಳೆ, ತಟ್ಟೆಗೆ ಕೈ ಚಾಚುವವಳ ಹಾಗೆ. ತೊಳೆದಿಡುವುದು ಅಪ್ಪನೇ ಎಂದು ಗೊತ್ತಿದ್ದರೂ ಆ ಎದ್ದು ನಿಲ್ಲುವುದು ತಪ್ಪಿಲ್ಲ. ಒಬ್ಬರ ಸ್ವಭಾವ ಬದಲಾಯಿತೇ ಎಂದು ಅಳೆಯುವವರು ಆ ಒಬ್ಬರನ್ನೇ ಕೇಳುತ್ತಾರೆ. ಪರೀಕ್ಷೆಗಳೂ ಹಾಗೆ, ಶಾಸನಗಳೂ ಹಾಗೆ. ನಾವು ವಿಮರ್ಶಕರು ಕೂಡ ರಾವಣನ ಮನಸ್ಸಿನೊಳಗೆ ಇಳಿದಷ್ಟು ಸಲೀಸಾಗಿ ಪ್ರಮದವನಕ್ಕೆ ಹೋಗುವುದಿಲ್ಲ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಎರಡನೆಯ ಸಲ ಬೆಟ್ಟ ಹತ್ತಿದಾಗ ಅವ್ವನೂ ಜೊತೆಗಿದ್ದಳು. ರಾಮೇಶ್ವರನಿಗೆ ಕಾಯಿ ಒಡೆಸಿ ಬಂದು ಬಂಡೆಯ ಹತ್ತಿರ ಸುಧಾರಿಸಿಕೊಳ್ಳುತ್ತಿದ್ದಳು. ಏನು ಬರೆದೈತೆ ಎಂದು ಕೇಳಿದಳು. ಎರಡೂವರೆ ವರ್ಷದ ಲೆಕ್ಕ ಹೇಳಿದೆ. ಮೊದಲ ವರ್ಷ ನೆಟ್ಟಗೆ ಪ್ರಯತ್ನ ಮಾಡಲಿಲ್ಲ ಅಂತ ಅವನೇ ಬರೆಸಿದ್ದಾನೆ ಎಂದಾಗ ಅವ್ವ ನಕ್ಕಳು.

"ಅಷ್ಟಾದ್ರೂ ನಿಜ ಹೇಳವ್ನೆ ಬಿಡು" ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇದನ್ನ ಹೆಂಡ್ತಿಗೆ ಹೇಳಿದ್ನಂತಾ?"

ಅವನ ಎರಡನೆಯ ರಾಣಿ ಕಾರುವಾಕಿಯ ಹೆಸರು ಅಲಹಾಬಾದಿನ ಕಂಬದ ಮೇಲಿದೆ ಎಂದೆ. ಅವಳು ಏನೇ ದಾನ ಕೊಟ್ಟರೂ, ಮಾವಿನ ತೋಪಾಗಲಿ, ಛತ್ರವಾಗಲಿ, ಅವಳ ಹೆಸರಿನಲ್ಲೇ ಲೆಕ್ಕ ಬರೆಯಬೇಕು ಎಂದು ದೊರೆ ಅಪ್ಪಣೆ ಮಾಡಿದ್ದಾನೆ.

"ಲೆಕ್ಕಾನಾ" ಅಂದಳು ಅವ್ವ. ಚೀಲ ಎತ್ತಿಕೊಂಡು ಮೆಟ್ಟಿಲಿಳಿಯತೊಡಗಿದಳು.