ಹೊಸ ಮಾಡೆಲ್ಲೇ ಮೇಲು ಎನ್ನುವವರಿಗೆ

ಬಸವಕಲ್ಯಾಣದ ಹುಡುಗನೊಬ್ಬ ಮೊನ್ನೆ ಎರಡು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡು ಹುಮನಾಬಾದಿನ ನಮ್ಮ ಸ್ಟುಡಿಯೊಕ್ಕೆ ಬಂದಿದ್ದ. ಒಂದು ನಿಕಾನ್ ಡಿ7200, 2015ರ ಮಾಡೆಲ್. ಇನ್ನೊಂದು 2017ರ ಡಿ7500. "ಕಾಕಾ, ಹೊಸಾದೇ ತಗೋ ಅಂತ ಎಲ್ಲಾರೂ ಹೇಳ್ತಾರ್ರಿ. ನೀವೇನಂತೀರಿ?" ಅಂದ.

ಸ್ಟುಡಿಯೊಗಳು ಒಂದೊಂದಾಗಿ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಇಂಥ ಡಿಎಸ್‌ಎಲ್‌ಆರ್‌ಗಳು ಕಡಿಮೆ ರೊಕ್ಕಕ್ಕೆ ಸಿಗುತ್ತಿವೆ. ಮದುವೆ ಕೆಲಸ ಶುರು ಮಾಡುವವರಿಗೆ ಒಳ್ಳೆಯ ಕಾಲ. ಆದರೆ ಅವರ ಕಿವಿಗೆ ಬೀಳುವ ಸಲಹೆ ತಪ್ಪು ಎಂದೇ ನಾನು ಹೇಳುತ್ತೇನೆ. ಮದುವೆ ತೆಗೆಯುವವನಿಗೆ ಈ ಎರಡರಲ್ಲಿ ಹಳೆಯದೇ ಮೇಲು.

ಕಾರಣ ಕ್ಯಾಮೆರಾದ ಬಲಗಡೆಯ ಸಣ್ಣ ಬಾಗಿಲಲ್ಲಿದೆ. ಡಿ7200ರ ಬಾಗಿಲು ತೆರೆದರೆ ಎರಡು ಕಾರ್ಡಿನ ಜಾಗ, ಡಿ7500ರಲ್ಲಿ ಒಂದೇ. ಎರಡು ವರ್ಷ ಬಿಟ್ಟು ಬಂದ ಕ್ಯಾಮೆರಾದಲ್ಲಿ ಕಂಪನಿಯೇ ಒಂದನ್ನು ತೆಗೆದುಹಾಕಿತು. ಹೋಲಿಕೆಯ ಪಟ್ಟಿಗಳಲ್ಲಿ ಇದು ಕೊನೆಯ ಸಾಲಿಗೆ ಹೋಗಿ ಕೂತಿರುತ್ತದೆ. ನನಗೆ ಅದೇ ಮೊದಲ ಸಾಲು. ಹಿಂದೊಮ್ಮೆ ಒಂದೇ ಕಾರ್ಡಿನ ಕ್ಯಾಮೆರಾದಲ್ಲಿ ಮದುವೆ ತೆಗೆದಿದ್ದೆ. ಸಂಜೆ ಕಂಪ್ಯೂಟರಿಗೆ ಹಾಕಿದರೆ ಕಾರ್ಡ್ ತೆರೆಯಲಿಲ್ಲ. ರಿಕವರಿ ಮಾಡಿಸಿದ ಮೇಲೆ ಅರಿಶಿಣದ ಫೋಟೊ ಬಂದವು, ಊಟದ ಪಂಕ್ತಿ ಬಂತು. ಅಕ್ಕಿಕಾಳು ಬಿದ್ದ ಹೊತ್ತಿನದು ಮಾತ್ರ ಒಂದೂ ಬರಲಿಲ್ಲ. ಹುಡುಗಿಯ ತಂದೆ ಬೈಯಲಿಲ್ಲ. ಸ್ಟುಡಿಯೊದ ಸ್ಟೂಲಿನ ಮೇಲೆ ಕೂತು, "ಮತ್ತೊಮ್ಮೆ ನೋಡ್ರಿ" ಅಂತ ಮೂರು ಸಲ ಅಂದರು. ನಾನೂ ಮೂರು ಸಲ ನೋಡಿದೆ. ಸೆಕೆಂಡಿಗೆ 6ರ ಬದಲು 8 ಫೋಟೊ ಎಂದು ಹೊಗಳುವವರು ಆ ಸ್ಟೂಲಿನ ಎದುರು ಒಮ್ಮೆ ನಿಂತು ನೋಡಬೇಕು.

ಮೆಗಾಪಿಕ್ಸೆಲ್ ವಾದಕ್ಕೆ ಹೆಚ್ಚು ಹೊತ್ತು ಬೇಡ. ಡಿ7200ರ ಫೋಟೊ 6000 ಪಿಕ್ಸೆಲ್ ಅಗಲ, ಡಿ7500ರದು 5568. 36 ಇಂಚಿನ ಆಲ್ಬಂ ಹಾಳೆಯ ತುಂಬ ಹಿಗ್ಗಿಸಿದರೂ ಇಂಚಿಗೆ ಒಂದರದು 166, ಇನ್ನೊಂದರದು 154. ಕೈಯಲ್ಲಿ ಆಲ್ಬಂ ಹಿಡಿದು ನೋಡುವ ಯಾವ ಅತ್ತೆ-ಮಾವನಿಗೂ ಈ ಅಂತರ ಕಾಣುವುದಿಲ್ಲ. ಇಲ್ಲಿ ಹಳೆಯದೇ ಮುಂದಿದೆ, ಆದರೂ ನಾನು ಅದನ್ನು ಅದರ ಗುಣವೆಂದು ಎಣಿಸುವುದಿಲ್ಲ.

ಕತ್ತಲಲ್ಲಿ ಹೊಸದು ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುತ್ತಾರೆ. ಅದರ ಐಎಸ್‌ಒ 51200ರ ತನಕ ಹೋಗುತ್ತದೆ, ಹಳೆಯದು 25600ಕ್ಕೆ ನಿಲ್ಲುತ್ತದೆ. ನಿಜ. ಆದರೆ ಅಷ್ಟು ಮೇಲೆ ತೆಗೆದ ಫೋಟೊ ಎರಡರಲ್ಲೂ ಮರಳು ಚೆಲ್ಲಿದಂತಿರುತ್ತದೆ, ಯಾರೂ ದುಡ್ಡು ಕೊಡುವುದಿಲ್ಲ. ನಮ್ಮ ಕಲ್ಯಾಣ ಮಂಟಪಗಳ ಬೆಳಕಿನಲ್ಲಿ ಬಡತನ ಇರುವುದು ಲೆನ್ಸಿಗೆ. 18-140 ಲೆನ್ಸನ್ನು ಪೂರ್ತಿ ಎಳೆದರೆ ಎಫ್ 5.6. ಎಫ್ 1.8ರ 35 ಎಂಎಂ ಲೆನ್ಸ್ ಅದರ ಸುಮಾರು ಒಂಬತ್ತೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ. 6400 ಐಎಸ್‌ಒ ಬೇಕಾದಲ್ಲಿ 640-800ರಲ್ಲಿ ಕೆಲಸ ಮುಗಿಯುತ್ತದೆ. (ಮದುಮಕ್ಕಳಿಬ್ಬರೂ ಫೋಕಸ್‌ನಲ್ಲಿ ಇರಬೇಕಾದರೆ 2.8ಕ್ಕೆ ಇಳಿಸಬೇಕು, ಆಗಲೂ ನಾಲ್ಕು ಪಟ್ಟು ಲಾಭ.) ಆ ಹುಡುಗನಿಗೆ ಹೇಳಿದ್ದ ಎರಡು ಬೆಲೆಗಳ ಅಂತರದಲ್ಲಿ ಸೆಕೆಂಡ್ ಹ್ಯಾಂಡಿನ ಆ ಲೆನ್ಸ್ ಬರುತ್ತಿತ್ತು.

ಇನ್ನೊಂದು ಮಾತು ಹಳೇ ಸ್ಟುಡಿಯೊ ಮನೆತನದವರಿಗೆ. ಅಪ್ಪನ ಕಾಲದ ರೋಲಿನ ಕ್ಯಾಮೆರಾ, ಎಫ್‌ಎಂ2ರಂಥದ್ದರ ಕೈಯಿಂದ ತಿರುಗಿಸುವ ಲೆನ್ಸ್ ಅಲಮಾರಿಯಲ್ಲಿದ್ದರೆ, ಡಿ7200ಕ್ಕೆ ಹಾಕಿ ಬೆಳಕು ಅಳೆಯಬಹುದು. ಡಿ7500ರಲ್ಲಿ ಅದರ ಸಣ್ಣ ಕೊಂಡಿಯನ್ನೂ ಕಿತ್ತಿದ್ದಾರೆ. ಲೆನ್ಸ್ ಕೂಡುತ್ತದೆ, ಮೀಟರ್ ಮಾತಾಡುವುದಿಲ್ಲ.

ಹೊಸದು ಗೆಲ್ಲುವ ಕಡೆ ಇಲ್ಲ ಎನ್ನಲಾರೆ. 4ಕೆ ವಿಡಿಯೊ ಇದೆ, ಹಳೆಯದರಲ್ಲಿ ಇಲ್ಲವೇ ಇಲ್ಲ. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಯ ಗದ್ದಲದಲ್ಲಿ ಕ್ಯಾಮೆರಾ ತಲೆಯ ಮೇಲೆ ಎತ್ತಿ ತೆಗೆಯುವಾಗ ಕೆಳಗೆ ಬಾಗುವ ಅದರ ಪರದೆ ದೊಡ್ಡ ಉಪಕಾರ. ಒಂದೇ ಸಮನೆ ಒತ್ತಿ ಹಿಡಿದರೆ 14 ಬಿಟ್ ರಾ ಫೈಲು ಐವತ್ತರ ತನಕ ನುಂಗುತ್ತದೆ, ಹಳೆಯದು ಹದಿನೆಂಟಕ್ಕೇ ಏದುಸಿರು ಬಿಡುತ್ತದೆ. ವಿಡಿಯೊದವನು, ಜಾತ್ರೆಯ ಸುದ್ದಿ ಫೋಟೊದವನು ಅದನ್ನೇ ಕೊಳ್ಳಲಿ. ಜಲಸಂಗಿಯ ಗುಡಿಗೆ ಹೋಗುವವನಿಗೆ ಮಾತ್ರ ಎರಡೂ ಒಂದೇ. ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿನಲ್ಲಿ ಬರೆಯುತ್ತ ನಿಂತ ಆ ಶಿಲಾಬಾಲಿಕೆಯ ಅಕ್ಷರ ನಡು ಮಧ್ಯಾಹ್ನದ ಬಿಸಿಲಲ್ಲಿ ಯಾವ ಕ್ಯಾಮೆರಾಕ್ಕೂ ಎದ್ದು ಕಾಣುವುದಿಲ್ಲ. ಓರೆ ಬೆಳಕು ಬಿದ್ದು ಗೀರಿನೊಳಗೆ ನೆರಳು ನಿಂತಾಗ, ಸ್ಟ್ಯಾಂಡ್ ಹಾಕಿ ಐಎಸ್‌ಒ 100ರಲ್ಲಿ ತೆಗೆದರೆ ಎರಡರಲ್ಲೂ ಓದಬಹುದು.

ಕೊನೆಗೆ ಎರಡರಿಂದಲೂ ಒಂದೊಂದು ಫೋಟೊ ತೆಗೆದು, ಫೈಲಿನೊಳಗಿನ ಶಟರ್ ಕೌಂಟ್ ನೋಡಿದೆವು. ಹಳೇ ಮಾಡೆಲ್ 41 ಸಾವಿರ ಹೊಡೆದಿತ್ತು, ಹೊಸದು 1 ಲಕ್ಷ 18 ಸಾವಿರ. ಎರಡರ ಶಟರನ್ನೂ ಕಂಪನಿ ಪರೀಕ್ಷಿಸಿದ್ದು 1 ಲಕ್ಷ 50 ಸಾವಿರದ ತನಕ. ಅಷ್ಟಕ್ಕೇ ನಿಲ್ಲುತ್ತದೆ ಎಂದಲ್ಲ. ಆದರೆ ಮದುವೆಗೆ ಎರಡು ಸಾವಿರ ಎಂದು ಹಿಡಿದರೆ ಹೊಸ ಮಾಡೆಲ್ಲಿಗೆ ಉಳಿದದ್ದು ಹದಿನಾರು ಮದುವೆ. ಹುಡುಗ ಬೆರಳು ಮಡಿಸಿ ತಾನೇ ಎಣಿಸಿದ.

ಡಿ7200 ಇಟ್ಟುಕೊಂಡ. ಮೆನು ತೆರೆದು ನೋಡಿದರೆ ಎರಡನೇ ಕಾರ್ಡು, ಮೊದಲನೆಯದು ತುಂಬಿದ ಮೇಲೆ ಬರೆಯುವಂತೆ ಇತ್ತು. ಹಾಗಿದ್ದರೆ ಎರಡು ಜಾಗ ಇದ್ದೂ ಇಲ್ಲದ ಹಾಗೆ. ಬ್ಯಾಕಪ್ ಎಂದು ಬದಲಿಸಿ, ಗೋಡೆಯದೊಂದು ಫೋಟೊ ತೆಗೆಸಿ, ಎರಡೂ ಕಾರ್ಡು ಹೊರಗೆ ತೆಗೆದು ಕಂಪ್ಯೂಟರಿಗೆ ಹಾಕಿದೆ. ಎರಡರಲ್ಲೂ ಗೋಡೆ ಇತ್ತು.